ಎರಡೂವರೆ ತಾಸಿನಲ್ಲಿ ದುಬೈ, ಐದು ತಾಸಿನಲ್ಲಿ ಬೆಂಗಳೂರು
ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಆರು ಪತ್ರಗಳು ಊರಿಂದೂರಿಗೆ ಇರುವ ದೂರ ಮತ್ತು ವಿಮಾನಕ್ಕೆ ಹಿಡಿಯುವ ಹೊತ್ತಿನ ಕುರಿತಾಗಿಯೇ ಇದ್ದವು. ಬಳ್ಳಾರಿ, ರಾಯಚೂರು, ಕೊಪ್ಪಳದ ಮನೆಮನೆಯಿಂದಲೂ ಈಗ ಯಾರಾದರೊಬ್ಬರು ಕೊಲ್ಲಿ ದೇಶದಲ್ಲೋ ಅಮೆರಿಕದಲ್ಲೋ ಇರುವುದರಿಂದ ಇಂಥ ಪ್ರಶ್ನೆಗಳು ಹೆಚ್ಚುತ್ತಿರುವುದು ಸಹಜವೇ. ಉಳಿದ ಪತ್ರಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಈ ಆರನ್ನೂ ಒಟ್ಟಿಗೆ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ದುಬೈಯಲ್ಲಿ ಕೆಲಸಕ್ಕಿರುವ ಮಗ ನನಗೆ ಹೋಗಿಬರುವ ಟಿಕೆಟ್ ಕಳಿಸಿದ್ದಾನೆ. ಬೆಂಗಳೂರಿನಿಂದ ಬೆಳಗಿನ ಜಾವ 4.10ಕ್ಕೆ ಹೊರಟು 6.40ಕ್ಕೆ ದುಬೈ ಮುಟ್ಟುತ್ತದೆ ಎಂದು ಅದರಲ್ಲಿದೆ. ಬರುವಾಗ ಬೆಳಿಗ್ಗೆ 10ಕ್ಕೆ ಬಿಟ್ಟರೆ ಬೆಂಗಳೂರಿಗೆ ಮಧ್ಯಾಹ್ನ 3.10. ಹೋಗುವಾಗ ಎರಡೂವರೆ ತಾಸು, ಬರುವಾಗ ಐದು ತಾಸಿನ ಮೇಲೆ! ಬರುವ ವಿಮಾನ ಎಲ್ಲಾದರೂ ಸುತ್ತಿ ಬರುತ್ತದೆಯೆ? ಸಕ್ಕರೆ ಕಾಯಿಲೆಯವಳು ನಾನು, ಊಟದ ಹೊತ್ತು ತಪ್ಪಬಾರದೆಂದು ಕೇಳುತ್ತಿದ್ದೇನೆ.
(ಸಿರುಗುಪ್ಪದ ಓದುಗರು)

ಉತ್ತರ: ಎಲ್ಲಿಯೂ ಸುತ್ತುವುದಿಲ್ಲ, ತಾಯಿ. ಹೊರಡುವ ಹೊತ್ತನ್ನು ಹೊರಡುವ ಊರಿನ ಗಡಿಯಾರದಲ್ಲಿಯೂ, ಮುಟ್ಟುವ ಹೊತ್ತನ್ನು ಮುಟ್ಟುವ ಊರಿನ ಗಡಿಯಾರದಲ್ಲಿಯೂ ಅಚ್ಚು ಹಾಕುವುದು ವಿಮಾನದ ಟಿಕೆಟ್ಟಿನ ರೂಢಿ. ದುಬೈ ಗಡಿಯಾರ ನಮ್ಮದಕ್ಕಿಂತ ಒಂದೂವರೆ ತಾಸು ಹಿಂದಿದೆ. ನೀವು 6.40ಕ್ಕೆ ಅಲ್ಲಿ ಇಳಿಯುವಾಗ ಸಿರುಗುಪ್ಪದ ನಿಮ್ಮ ಅಡುಗೆಮನೆಯ ಗಡಿಯಾರ 8.10 ತೋರಿಸುತ್ತಿರುತ್ತದೆ. 4.10ರಿಂದ 8.10, ಅಂದರೆ ಸರಿಯಾಗಿ ನಾಲ್ಕು ತಾಸು. ಮರಳುವಾಗ ದುಬೈಯ ಬೆಳಗಿನ 10 ಗಂಟೆ ಎಂದರೆ ನಮ್ಮಲ್ಲಿ 11.30, ಅಲ್ಲಿಂದ 3.10ರವರೆಗೆ ಮೂರು ತಾಸು ನಲವತ್ತು ನಿಮಿಷ. ನಿಮಗೆ ಎರಡು ಪಟ್ಟಾಗಿ ಕಂಡ ವ್ಯತ್ಯಾಸ ಹೀಗೆ ಬರೀ ಇಪ್ಪತ್ತು ನಿಮಿಷಕ್ಕೆ ಇಳಿಯುತ್ತದೆ, ಅದೂ ಬರುವಾಗಲೇ ಕಡಿಮೆ. ಆ ಇಪ್ಪತ್ತು ನಿಮಿಷದ ಕಾರಣವನ್ನು ಕಂಪ್ಲಿಯವರಿಗೆ ಕೊಟ್ಟಿರುವ ಮುಂದಿನ ಉತ್ತರದಲ್ಲಿ ನೋಡಿ.

ಈ ಒಂದೂವರೆ ತಾಸು ಎಲ್ಲಿಂದ ಬಂತು ಎಂಬುದೂ ತಿಳಿದಿರಲಿ. ಭೂಮಿ 24 ತಾಸಿನಲ್ಲಿ 360 ಡಿಗ್ರಿ ತಿರುಗುವುದರಿಂದ ಒಂದು ಡಿಗ್ರಿ ರೇಖಾಂಶಕ್ಕೆ ನಾಲ್ಕು ನಿಮಿಷ ಬೀಳುತ್ತದೆ. ಭಾರತದ ಕಾಲಮಾನಕ್ಕೆ ಆಧಾರ ಪೂರ್ವ ರೇಖಾಂಶ 82.5 ಡಿಗ್ರಿ, ದುಬೈಯ ಕಾಲಮಾನಕ್ಕೆ 60 ಡಿಗ್ರಿ. ನಡುವಿನ 22.5 ಡಿಗ್ರಿಯನ್ನು ನಾಲ್ಕರಿಂದ ಗುಣಿಸಿದರೆ 90 ನಿಮಿಷ. ಮಾತಿಗೆ ಮಾತು ಬಂತೆಂದು ಹೇಳುವುದಾದರೆ, ಬಳ್ಳಾರಿ ಇರುವುದು ಸುಮಾರು 77 ಡಿಗ್ರಿಯ ಬಳಿ. ಹೀಗಾಗಿ ಗಡಿಯಾರದಲ್ಲಿ ಹನ್ನೆರಡು ಹೊಡೆದ ಮೇಲೂ ಸೂರ್ಯ ನಮ್ಮ ನಡುನೆತ್ತಿಗೆ ಬರಲು ಸರಾಸರಿ 22 ನಿಮಿಷ ಬೇಕು. ಗಡಿಯಾರದ ಹೊತ್ತಿಗೂ ಸೂರ್ಯನ ಹೊತ್ತಿಗೂ ನಮ್ಮ ಊರಲ್ಲಿಯೇ ಇಷ್ಟು ಅಂತರವಿದೆ.

ನಿಮ್ಮ ಮುಖ್ಯ ಚಿಂತೆಗೆ ಬರೋಣ. ಪ್ರಯಾಣದ ದಿನ ಕೈಗಡಿಯಾರವನ್ನು ಮಗನ ಮನೆ ಸೇರುವ ತನಕ ಭಾರತದ ಹೊತ್ತಿನಲ್ಲಿಯೇ ಇಟ್ಟುಕೊಳ್ಳಿ. ನಿಮ್ಮ ಹೊಟ್ಟೆ ನಡೆಯುವುದು ಕಳೆದ ತಾಸುಗಳ ಲೆಕ್ಕದಲ್ಲಿ, ಟಿಕೆಟ್ಟಿನ ಅಂಕಿಗೂ ಅದಕ್ಕೂ ಸಂಬಂಧವಿಲ್ಲ. 4.10ರ ವಿಮಾನಕ್ಕೆ ರಾತ್ರಿ ಒಂದು ಗಂಟೆಯ ಹೊತ್ತಿಗೇ ನಿಲ್ದಾಣದಲ್ಲಿರಬೇಕು, ಅದಕ್ಕೆ ಹಿಂದಿನ ದಿನ ಮಧ್ಯಾಹ್ನ ಊಟ ಮುಗಿಸಿಯೇ ಸಿರುಗುಪ್ಪ ಬಿಡಬೇಕು. ಆಕಾಶದ ನಾಲ್ಕು ತಾಸಿಗಿಂತ ನೆಲದ ಮೇಲಿನ ಆ ಅರ್ಧ ದಿನವೇ ಊಟದ ಹೊತ್ತು ತಪ್ಪಿಸುವಂಥದು. ರಾತ್ರಿಯ ಗುಳಿಗೆ, ಬೆಳಗಿನ ಗುಳಿಗೆಯ ಹೊತ್ತನ್ನು ಟಿಕೆಟ್ ತೋರಿಸಿ ನಿಮ್ಮ ವೈದ್ಯರಿಂದಲೇ ಬರೆಸಿಕೊಳ್ಳಿ; ಗುಳಿಗೆಯ ಡಬ್ಬಿ ಕೈಚೀಲದಲ್ಲಿರಲಿ, ದೊಡ್ಡ ಪೆಟ್ಟಿಗೆಗೆ ಹಾಕಬೇಡಿ.

ಪ್ರಶ್ನೆ: ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತದೆ. ಹಾಗಾದರೆ ಪಶ್ಚಿಮಕ್ಕೆ ಹಾರುವ ವಿಮಾನದ ಕಡೆಗೆ ದುಬೈಯೇ ಓಡಿಬರಬೇಕಲ್ಲವೆ? ಹೋಗುವಾಗಲೇ ಹೆಚ್ಚು ಹೊತ್ತು ಹಿಡಿಯುವುದೇಕೆ?
(ಕಂಪ್ಲಿಯ ಕಾಲೇಜು ವಿದ್ಯಾರ್ಥಿ)

ಉತ್ತರ: ನಿಮ್ಮ ಪ್ರಶ್ನೆಯಲ್ಲಿರುವ ತರ್ಕವನ್ನು ನಮ್ಮ ಊರಿನ ಒಂದು ಹದ್ದಿಗೆ ಹಚ್ಚಿ ನೋಡೋಣ. ಬಳ್ಳಾರಿಯ ಅಕ್ಷಾಂಶದಲ್ಲಿ ನೆಲವು ಪೂರ್ವಕ್ಕೆ ಗಂಟೆಗೆ ಸುಮಾರು 1,600 ಕಿ.ಮೀ. ವೇಗದಲ್ಲಿ ತಿರುಗುತ್ತಿದೆ. ಗುಡ್ಡದ ಕೋಟೆಯಿಂದ ಎದ್ದ ಹದ್ದು ಹತ್ತು ನಿಮಿಷ ಗಾಳಿಯಲ್ಲಿ ತೇಲಿದರೆ ಅಷ್ಟರಲ್ಲಿ ನೆಲ 260 ಕಿ.ಮೀ.ಗಿಂತ ಹೆಚ್ಚು ಸರಿದಿರುತ್ತದೆ, ಹದ್ದು ಇಳಿಯುವುದು ಗೋವಾ ಗಡಿಯ ಕಾಡಿನಲ್ಲಿ. ಹಾಗಾಗುವುದಿಲ್ಲ, ಅದು ಅದೇ ಕೋಟೆಯ ಗೋಡೆಯ ಮೇಲೆ ಬಂದು ಕೂರುತ್ತದೆ. ನೆಲದ ಜೊತೆಗೆ ಅದಕ್ಕೆ ಅಂಟಿದ ಗಾಳಿಯೂ, ಗಾಳಿಯೊಳಗಿನ ಹದ್ದೂ ವಿಮಾನವೂ ಒಟ್ಟಿಗೆ ತಿರುಗುತ್ತಿರುವುದೇ ಇದಕ್ಕೆ ಕಾರಣ.

ಲೆಕ್ಕ ಕೆಡಿಸುವುದು ಆ ಗಾಳಿಯ ಸ್ವಂತ ನಡಿಗೆ. ಆನೆಗೊಂದಿಯ ಕಡೆಗೆ ತಳವಾರಘಟ್ಟದಲ್ಲಿ ಹರಿಗೋಲು ದಾಟಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತುಂಗಭದ್ರೆ ತುಂಬಿದಾಗ ಅಂಬಿಗ ತಾನು ಸೇರಬೇಕಾದ ಬಂಡೆಗಿಂತ ಎಷ್ಟೋ ಮೇಲಕ್ಕೆ ಗುರಿಯಿಟ್ಟು ಹುಟ್ಟು ಹಾಕುತ್ತಾನೆ. ತೋಳಿನ ಬಲ ಅಷ್ಟೇ ಇದ್ದರೂ ಸೆಳೆತದ ಜೊತೆಗೆ ಹೋದರೆ ಹರಿಗೋಲು ಓಡುತ್ತದೆ, ಎದುರಾಗಿ ಹೋದರೆ ನಿಂತಲ್ಲೇ ನಿಲ್ಲುತ್ತದೆ. ವಿಮಾನಕ್ಕೂ ಹೀಗೆಯೇ ಎರಡು ವೇಗಗಳಿವೆ, ಗಾಳಿಯೊಳಗಿನದೊಂದು, ನೆಲದ ಲೆಕ್ಕದ್ದೊಂದು. ಹತ್ತು ಹನ್ನೊಂದು ಕಿ.ಮೀ. ಎತ್ತರದಲ್ಲಿ, ಅದರಲ್ಲೂ ಚಳಿಗಾಲದಲ್ಲಿ ಉತ್ತರಕ್ಕೆ ಹೋದಷ್ಟೂ, ಗಾಳಿ ಬಲವಾಗಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತಿರುತ್ತದೆ. ಉತ್ತರ ಭಾರತದ ಮೇಲೆ ಹರಿಯುವ ಜೆಟ್ ಗಾಳಿಯ ವೇಗ ಆ ತಿಂಗಳುಗಳಲ್ಲಿ ಗಂಟೆಗೆ 150 ಕಿ.ಮೀ. ಮೀರುವುದು ಸಾಮಾನ್ಯ. ದುಬೈಗೆ ಹೋಗುವ ವಿಮಾನಕ್ಕೆ ಇದು ಎದುರುಗಾಳಿ, ಬರುವ ವಿಮಾನಕ್ಕೆ ಬೆನ್ನಿಗೆ ಕೈಕೊಟ್ಟ ಗಾಳಿ.

ಸಿರುಗುಪ್ಪದವರ ಇಪ್ಪತ್ತು ನಿಮಿಷಕ್ಕೆ ಅಷ್ಟು ದೊಡ್ಡ ಗಾಳಿಯೂ ಬೇಕಿಲ್ಲ. ದಾರಿ 2,700 ಕಿ.ಮೀ., ಗಾಳಿಯೊಳಗೆ ವಿಮಾನದ ವೇಗ ಗಂಟೆಗೆ 850 ಕಿ.ಮೀ. ಎಂದು ಹಿಡಿಯಿರಿ. ದಾರಿಯುದ್ದಕ್ಕೂ ಸರಾಸರಿ 40 ಕಿ.ಮೀ. ಎದುರುಗಾಳಿಯಿದ್ದರೆ ನೆಲದ ಲೆಕ್ಕದಲ್ಲಿ 810 ಉಳಿಯಿತು, ಮೂರು ತಾಸು ಇಪ್ಪತ್ತು ನಿಮಿಷ ಆಯಿತು. ಬರುವಾಗ 890 ಆದರೆ ಮೂರು ತಾಸು ಎರಡು ನಿಮಿಷ. ಎರಡೂ ಕಡೆ ಏರುವುದು, ಇಳಿಯುವುದು, ನೆಲದ ಮೇಲೆ ಉರುಳುವುದು ಇವಕ್ಕೆ ನಲವತ್ತು ನಿಮಿಷ ಕೂಡಿಸಿದರೆ ಹೆಚ್ಚುಕಡಿಮೆ ಟಿಕೆಟ್ಟಿನ ಅಂಕಿಗಳೇ ಬರುತ್ತವೆ. ಮುಂಗಾರಿನ ತಿಂಗಳುಗಳಲ್ಲಿ ನಮ್ಮ ದಕ್ಷಿಣದ ಮೇಲೆ ಬಹು ಎತ್ತರದಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಬೀಸುವ ಬೇರೊಂದು ಜೆಟ್ ಗಾಳಿ ಏಳುವುದರಿಂದ ಈ ವ್ಯತ್ಯಾಸ ಕಿರಿದಾಗುತ್ತದೆ. ಮಾರ್ಚ್ ಕೊನೆಯ ಭಾನುವಾರ ಮತ್ತು ಅಕ್ಟೋಬರ್ ಕೊನೆಯ ಭಾನುವಾರ ವಿಮಾನಗಳ ವೇಳಾಪಟ್ಟಿ ಬದಲಾಗುವುದನ್ನು ನೀವು ಗಮನಿಸಿರಬಹುದು. ಅದೇ ಊರಿಗೆ ಅದೇ ವಿಮಾನಕ್ಕೆ ಆಗ ಹತ್ತು ಹದಿನೈದು ನಿಮಿಷ ಆಚೀಚೆಯಾದರೆ ಗಾಳಿಯನ್ನೂ ಲೆಕ್ಕಕ್ಕೆ ಹಿಡಿದಿದ್ದಾರೆಂದು ತಿಳಿಯಿರಿ.

ಪ್ರಶ್ನೆ: ಜೀನ್ಸ್ ಹೊಲಿಸಿ ಹೊರಗೆ ಕಳಿಸುವ ವ್ಯಾಪಾರ ನನ್ನದು. ಬೆಂಗಳೂರು–ದುಬೈ ದೂರವನ್ನು ಫೋನಿನಲ್ಲಿ ನೋಡಿದರೆ ಒಂದು ಕಡೆ 1,455, ಇನ್ನೊಂದು ಕಡೆ 1,675, ಮತ್ತೊಂದು ಕಡೆ 2,695 ಎಂದಿದೆ. ಯಾವುದನ್ನು ನಂಬಬೇಕು?
(ಬಳ್ಳಾರಿಯ ಓದುಗರು)

ಉತ್ತರ: ಮೂರನ್ನೂ ನಂಬಿ. ಗಜಕ್ಕೂ ಮೀಟರಿಗೂ ಇರುವ ಅಂತರ ಬಟ್ಟೆಯ ವ್ಯಾಪಾರಿಗೆ ಹೊಸದೇನಲ್ಲ. 2,695 ಎಂಬುದು ಕಿಲೋಮೀಟರು, 1,675 ಎಂಬುದು ಸಾಮಾನ್ಯ ಮೈಲಿ, 1,455 ಎಂಬುದು ಹಡಗಿನವರೂ ವಿಮಾನದವರೂ ಬಳಸುವ ನಾಟಿಕಲ್ ಮೈಲಿ. ಒಂದು ನಾಟಿಕಲ್ ಮೈಲಿಗೆ 1.852 ಕಿ.ಮೀ.

ಈ ಮೂರನೆಯ ಮೈಲಿ ಬಹಳ ಬುದ್ಧಿವಂತಿಕೆಯ ಅಳತೆ. ಅಕ್ಷಾಂಶದ ಒಂದು ಡಿಗ್ರಿಯನ್ನು ಅರವತ್ತು ಭಾಗ ಮಾಡಿ, ಒಂದು ಭಾಗದ, ಅಂದರೆ ಒಂದು ಕಲೆಯ, ಉದ್ದವನ್ನೇ ಒಂದು ಮೈಲಿ ಎಂದು ಇಟ್ಟುಕೊಂಡರು. ಇದರಿಂದ ನಕ್ಷೆಯ ಅಂಚಿನ ಅಂಕಿಗಳೇ ಅಳತೆಕೋಲಾಗುತ್ತವೆ. ಬಳ್ಳಾರಿಯಿಂದ ದೆಹಲಿಗೆ ನೀವೇ ಲೆಕ್ಕ ಹಾಕಿ ನೋಡಿ, ಏಕೆಂದರೆ ಎರಡೂ ಊರುಗಳು ಹೆಚ್ಚುಕಡಿಮೆ ಒಂದೇ ರೇಖಾಂಶದ ಮೇಲಿವೆ. ಬಳ್ಳಾರಿಯ ಅಕ್ಷಾಂಶ 15 ಡಿಗ್ರಿ 8 ಕಲೆ, ದೆಹಲಿಯದು 28 ಡಿಗ್ರಿ 37 ಕಲೆ. ಕಳೆದರೆ 13 ಡಿಗ್ರಿ 29 ಕಲೆ. ಹದಿಮೂರು ಅರವತ್ತಲೆ 780, ಅದಕ್ಕೆ 29 ಕೂಡಿಸಿದರೆ 809. ಅಂದರೆ 809 ನಾಟಿಕಲ್ ಮೈಲಿ, 1.852ರಿಂದ ಗುಣಿಸಿದರೆ 1,498 ಕಿ.ಮೀ. ಅಂಗಡಿಯ ಚೀಟಿಯ ಹಿಂಬದಿಯಲ್ಲಿ ಮುಗಿಯುವ ಲೆಕ್ಕವಿದು.

ನಿಮಗೆ ಇನ್ನೊಂದು ಅಂಕಿ ಕೊಡುತ್ತೇನೆ, ತುಸು ಹೊಟ್ಟೆ ಉರಿಯುವಂಥದು. ಬಳ್ಳಾರಿಯಿಂದಲೇ ದುಬೈಗೆ ನೇರವಾಗಿ ಅಳೆದರೆ ಸುಮಾರು 2,510 ಕಿ.ಮೀ. ಬೆಂಗಳೂರಿಗಿಂತ ನಾವು ದುಬೈಗೆ 185 ಕಿ.ಮೀ. ಹತ್ತಿರದವರು. ಆದರೂ ವಾಯವ್ಯದ ಊರಿಗೆ ಹೋಗಬೇಕಾದ ನಿಮ್ಮ ಸರಕು ಮೊದಲು 300 ಕಿ.ಮೀ. ತೆಂಕಣಕ್ಕೆ ಲಾರಿಯಲ್ಲಿ ಹೋಗಿ, ಆಮೇಲೆ ತಿರುಗಿ ಹಾರುತ್ತದೆ.

ಪ್ರಶ್ನೆ: ದೆಹಲಿಯಲ್ಲಿ ಮೊಮ್ಮಗನ ನಾಮಕರಣವಿದೆ. ವಿಮಾನಗಳು ಹೆಚ್ಚು, ಬೆಂಗಳೂರಿಗೇ ಬನ್ನಿ ಎನ್ನುತ್ತಾರೆ ಅಳಿಯ. ನಮಗೆ ಹೈದರಾಬಾದ್ ವಾಸಿ ಎನಿಸುತ್ತದೆ. ಯಾವುದು ಬೇಗ?
(ರಾಯಚೂರಿನ ನಿವೃತ್ತ ನೌಕರರು)

ಉತ್ತರ: ಅಳಿಯನ ಮಾತು ಮೀರುವುದು ಕಷ್ಟವೇ, ಆದರೂ ಈ ಸಲ ನೀವೇ ಸರಿ. ಹೈದರಾಬಾದಿನ ವಿಮಾನ ನಿಲ್ದಾಣವಿರುವ ಶಂಶಾಬಾದ್ ನಗರದ ದಕ್ಷಿಣ ಮಗ್ಗುಲಲ್ಲಿದೆ. ಕೃಷ್ಣೆ ದಾಟಿ ಮಖ್ತಲ್, ಮಹಬೂಬ್‌ನಗರ, ಜಡ್ಚರ್ಲಾ ಮೇಲಿಂದ ಬರುವ ನಿಮಗೆ ನಗರದೊಳಗೆ ಕಾಲಿಡುವ ಪ್ರಮೇಯವೇ ಬರುವುದಿಲ್ಲ; ಸುಮಾರು 190 ಕಿ.ಮೀ., ನಾಲ್ಕು ತಾಸು ಇಟ್ಟುಕೊಂಡರೆ ನೆಮ್ಮದಿಯಾಗಿ ಮುಟ್ಟಬಹುದು. ಬೆಂಗಳೂರಾದರೆ 400 ಕಿ.ಮೀ. ಆಸುಪಾಸು, ಎಂಟು ತಾಸು. ಆಕಾಶದಲ್ಲಿಯೂ ಹೈದರಾಬಾದಿನಿಂದ ದೆಹಲಿಗೆ ನೇರ ದೂರ 1,265 ಕಿ.ಮೀ., ಬೆಂಗಳೂರಿನಿಂದ 1,710. ಹಾರಾಟದಲ್ಲಿ ಅರ್ಧ ತಾಸಿನ ಉಳಿತಾಯ, ನೆಲದ ಮೇಲೆ ನಾಲ್ಕು ತಾಸಿನದು.

ಬೆಂಗಳೂರಿನಿಂದ ದೆಹಲಿಗೆ ನೇರ ಗೆರೆ ಎಳೆದರೆ ಅದು ರಾಯಚೂರಿನ ಪೂರ್ವಕ್ಕೆ 25–30 ಕಿ.ಮೀ. ದೂರದಲ್ಲಿ ಹಾದುಹೋಗುತ್ತದೆ. ನಸುಕಿನಲ್ಲಿ ಎದ್ದು ದಿನವಿಡೀ ದಕ್ಷಿಣಕ್ಕೆ ಪ್ರಯಾಣ ಮಾಡಿ, ಸಂಜೆ ವಿಮಾನ ಹತ್ತಿ, ಅರ್ಧ ತಾಸಿನಲ್ಲಿ ನಿಮ್ಮದೇ ಮನೆಯ ಹತ್ತಿರ ಮರಳಿ ಬಂದು ಮುಂದಕ್ಕೆ ಹೋದಂತಾಗುತ್ತದೆ. ಅಳಿಯನಿಗೆ ನಕ್ಷೆ ತೋರಿಸಿ ಇದನ್ನೊಂದು ಹೇಳಿ ನೋಡಿ.

ಬಳ್ಳಾರಿಯವರ ಸಂಗತಿ ಬೇರೆ. ದೇವನಹಳ್ಳಿ ಬೆಂಗಳೂರಿನ ಉತ್ತರಕ್ಕಿರುವುದರಿಂದ ಅನಂತಪುರ, ಚಿಕ್ಕಬಳ್ಳಾಪುರದ ಹೆದ್ದಾರಿ ಹಿಡಿದರೆ ನಗರಕ್ಕಿಂತ ಮೊದಲು ನಿಲ್ದಾಣವೇ ಸಿಗುತ್ತದೆ. ಚಳ್ಳಕೆರೆ, ಹಿರಿಯೂರಿನ ದಾರಿಯಲ್ಲಿ ಬಂದವರು ತುಮಕೂರು ದಾಟಿದ ಮೇಲೆ ದಾಬಸ್‌ಪೇಟೆಯಲ್ಲಿ ದೊಡ್ಡಬಳ್ಳಾಪುರದ ಕಡೆಗೆ ತಿರುಗಿಕೊಳ್ಳಬೇಕು. ನಗರದೊಳಗೆ ನುಗ್ಗಿದರೆ ಉಳಿಸಿದ ಹೊತ್ತೆಲ್ಲ ಸಿಗ್ನಲ್ಲುಗಳ ಪಾಲು.

ಪ್ರಶ್ನೆ: ತೋರಣಗಲ್ಲಿನ ವಿದ್ಯಾನಗರ ನಿಲ್ದಾಣದಿಂದ ಬೆಂಗಳೂರಿಗೆ ನೇರ ದೂರ 250 ಕಿ.ಮೀ. ಎನ್ನುತ್ತಾರೆ. ಗಂಟೆಗೆ 500 ಕಿ.ಮೀ. ಹಾರುವ ವಿಮಾನಕ್ಕೆ ಅರ್ಧ ತಾಸು ಸಾಕಲ್ಲ, ಒಂದು ತಾಸಿನ ಮೇಲೆ ಏಕೆ ಬರೆಯುತ್ತಾರೆ?
(ಸಂಡೂರಿನ ಓದುಗರು)

ಉತ್ತರ: ಉಡಾನ್ ಯೋಜನೆಯಲ್ಲಿ 2017ರಲ್ಲಿ ಅಲ್ಲಿಂದ ವಿಮಾನ ಶುರುವಾದ ಮೇಲೆ ನನಗೂ ಇದೇ ಅನುಮಾನ ಬಂದು, ಒಮ್ಮೆ ಕೈಯಲ್ಲಿ ಗಡಿಯಾರ, ತೊಡೆಯ ಮೇಲೆ ಕಾಗದ ಇಟ್ಟುಕೊಂಡು ಕಿಟಕಿ ಬದಿಯಲ್ಲಿ ಕುಳಿತಿದ್ದೆ. ಪಂಕ ತಿರುಗುವ ಎಟಿಆರ್ ವಿಮಾನ. 9.18ಕ್ಕೆ ಗಾಲಿಗಳಿಗೆ ಕೊಟ್ಟಿದ್ದ ತಡೆಗಳನ್ನು ತೆಗೆದು ವಿಮಾನ ಅಲುಗಿತು, 9.26ಕ್ಕೆ ನೆಲ ಬಿಟ್ಟಿತು. ಉಕ್ಕಿನ ಕಾರ್ಖಾನೆಯ ಚಿಮಣಿಗಳು ಕಡ್ಡಿಯಂತಾಗಿ ಮರೆಯಾದವು. ಏರುವುದಕ್ಕೇ ಕಾಲು ತಾಸು ಹೋಯಿತು. ಏರುವಾಗ ಯಾವ ವಿಮಾನವೂ ಪೂರ್ಣ ವೇಗದಲ್ಲಿರುವುದಿಲ್ಲ. ನೀವು ಹೇಳುವ 500 ಕಿ.ಮೀ. ವೇಗ ದೊರೆತದ್ದು ನಡುವಿನ ಹದಿನೈದು ಇಪ್ಪತ್ತು ನಿಮಿಷ ಮಾತ್ರ, ಆಗಲೇ ಇಳಿಯಲು ಶುರು. ಬೆಂಗಳೂರಿನ ಎರಡೂ ರನ್‌ವೇಗಳು ಪೂರ್ವ ಪಶ್ಚಿಮವಾಗಿ ಮಲಗಿವೆ, ನಾವು ಬರುವುದು ವಾಯವ್ಯದಿಂದ. ಎತ್ತಿನ ಗಾಡಿಯನ್ನು ಓಣಿಗೆ ತಿರುಗಿಸುವ ಮೊದಲು ಅಗಲವಾಗಿ ಸುತ್ತು ಹೊಡೆಯುವಂತೆ ವಿಮಾನ ಪಕ್ಕಕ್ಕೆ ಹೋಗಿ, ಬಾಗಿ, ಮುಂದಿನ ವಿಮಾನದ ಹಿಂದೆ ಸಾಲು ಹಿಡಿಯಿತು. 10.12ಕ್ಕೆ ನೆಲ ಮುಟ್ಟಿತು, 10.22ಕ್ಕೆ ಪಂಕ ನಿಂತಿತು.

ನನ್ನ ಕಾಗದದ ಲೆಕ್ಕದಲ್ಲಿ ಆಕಾಶದಲ್ಲಿ 46 ನಿಮಿಷ, ನೆಲದ ಮೇಲೆ 18. ಟಿಕೆಟ್ಟಿನಲ್ಲಿ ಅಚ್ಚಾಗುವುದು ಎರಡರ ಮೊತ್ತ. ಅದರ ಮೇಲೂ ಐದು ಹತ್ತು ನಿಮಿಷ ಸಡಿಲ ಬಿಟ್ಟಿರುತ್ತಾರೆ. ಅಂದು ಮುಟ್ಟುವ ಹೊತ್ತು 10.30 ಎಂದಿತ್ತು, ಎಂಟು ನಿಮಿಷ ಮೊದಲೇ ಬಂದೆವೆಂದು ಧ್ವನಿವರ್ಧಕದಲ್ಲಿ ಹೆಮ್ಮೆಯಿಂದ ಸಾರಿದರು, ನಾನು ಕಾಗದ ಮಡಚಿ ಜೇಬಿಗಿಟ್ಟುಕೊಂಡೆ.

ಪ್ರಶ್ನೆ: ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಗೋಡೆಯ ನಕ್ಷೆಯ ಮೇಲೆ ಸ್ಕೇಲಿಟ್ಟು ಗೆರೆ ಎಳೆದರೆ ಅದು ಸಹಾರಾ, ಅಟ್ಲಾಂಟಿಕ್ ಮೇಲೆ ಹೋಗುತ್ತದೆ. ಹತ್ತಿರದ ದಾರಿ ಸೈಬೀರಿಯದ ಮೇಲಿದೆ ಎಂದು ಎಲ್ಲೋ ಓದಿದೆ. ಮಕ್ಕಳಿಗೆ ಹೇಗೆ ಹೇಳಲಿ?
(ಗಂಗಾವತಿಯ ಶಿಕ್ಷಕಿ)

ಉತ್ತರ: ಹೇಳಬೇಡಿ, ದಾರ ಹಿಡಿದು ತೋರಿಸಿ. ದುಂಡಗಿನ ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸುವಾಗ ಧ್ರುವಗಳ ಕಡೆಯ ನೆಲವನ್ನು ಅಗಲಕ್ಕೆ ಎಳೆಯಲೇಬೇಕಾಗುತ್ತದೆ, ಹೀಗಾಗಿ ಹಾಳೆಯ ಮೇಲೆ ಉತ್ತರದ ದಾರಿ ನಿಜಕ್ಕಿಂತ ಬಹಳ ಉದ್ದವಾಗಿ ಕಾಣುತ್ತದೆ. ನೀವು ಸ್ಕೇಲಿನಿಂದ ಎಳೆದ ಗೆರೆಯ ಉದ್ದ ಭೂಮಿಯ ಮೇಲೆ ಸುಮಾರು 20,000 ಕಿ.ಮೀ. ಆಗುತ್ತದೆ. ಶಾಲೆಯ ಗೋಳದ ಮೇಲೆ ಎರಡು ಊರುಗಳ ನಡುವೆ ದಾರವನ್ನು ಬಿಗಿಯಾಗಿ ಎಳೆದರೆ ಅದು ತಾನಾಗಿ ಜಾರಿ ಟಿಬೆಟ್, ಸೈಬೀರಿಯ, ಆರ್ಕ್‌ಟಿಕ್ ಸಾಗರದ ಅಂಚು, ಅಲಾಸ್ಕಗಳ ಮೇಲೆ ನಿಲ್ಲುತ್ತದೆ. ಅದರ ಉದ್ದ ಸುಮಾರು 14,000 ಕಿ.ಮೀ. ಇದನ್ನೇ ಮಹಾವೃತ್ತದ ದಾರಿ ಎನ್ನುವುದು.

ಜಾಣ ಹುಡುಗನೊಬ್ಬ ಎದ್ದು ನಿಂತು, ವಿಮಾನಗಳು ಈ ದಾರದ ಮೇಲೆಯೇ ಹೋಗುತ್ತವೆಯೇ ಎಂದು ಕೇಳಿದರೆ, ಇಲ್ಲ ಎಂದು ಹೇಳಿ. 2021ರ ಜನವರಿಯಲ್ಲಿ ಮಹಿಳಾ ಪೈಲಟ್‌ಗಳೇ ನಡೆಸಿದ ಏರ್ ಇಂಡಿಯಾ ವಿಮಾನ ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲಿಂದಲೇ ಬೆಂಗಳೂರಿಗೆ ಬಂದಿತು. ದಾರ ಧ್ರುವಕ್ಕಿಂತ 2,000 ಕಿ.ಮೀ. ಈಚೆಗೇ ಹಾಯುತ್ತದೆ. ಗಾಳಿ ಎತ್ತ ಬೀಸುತ್ತಿದೆ, ಯಾವ ದೇಶ ತನ್ನ ಆಕಾಶವನ್ನು ಬಿಟ್ಟುಕೊಡುತ್ತದೆ, ಎಷ್ಟು ಇಂಧನ ಉರಿಯುತ್ತದೆ ಎಂಬುದನ್ನೆಲ್ಲ ನೋಡಿ ಆಯಾ ದಿನದ ದಾರಿಯನ್ನು ಗೊತ್ತುಮಾಡುತ್ತಾರೆ.

ಗೋಳದ ನಡುವಿನ ಸುತ್ತಳತೆಯನ್ನು ಮೊದಲು ಮಕ್ಕಳಿಂದಲೇ ಅಳೆಸಿ. ಸುಮಾರು 32 ಸೆಂಟಿಮೀಟರ್ ಅಡ್ಡಳತೆಯ ಗೋಳವಾದರೆ ಸುತ್ತಳತೆ ಒಂದು ಮೀಟರಾಗುತ್ತದೆ. ಭೂಮಿಯ ಸುತ್ತಳತೆ ಹೆಚ್ಚುಕಡಿಮೆ 40,000 ಕಿ.ಮೀ. ಇರುವುದರಿಂದ ದಾರದ ಒಂದು ಸೆಂಟಿಮೀಟರು 400 ಕಿ.ಮೀ.ಗೆ ಸಮ. ಸ್ಯಾನ್ ಫ್ರಾನ್ಸಿಸ್ಕೋಗೆ 35 ಸೆಂಟಿಮೀಟರು ದಾರ ಬೇಕು, ದುಬೈಗೆ ಏಳೂ ತುಂಬುವುದಿಲ್ಲ. ಗಂಗಾವತಿಯಿಂದ ಬೆಂಗಳೂರಿಗೆ ಬೇಕಾದ ದಾರವನ್ನು ಗೋಳದ ಮೇಲೆ ಹಿಡಿಯಲು ಬೆರಳೇ ಅಡ್ಡ ಬರುತ್ತದೆ. ಹೊಲಿಗೆಯ ದಾರ ಹಿಗ್ಗುವುದಿಲ್ಲ, ಅದನ್ನೇ ತೆಗೆದುಕೊಳ್ಳಿ.